ಉತ್ತರ ದಿಕ್ಕಿನ ಸೆನ್ಸರ್

ಗುರುವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಾನು ನಿಂತಿದ್ದುದು ಬಸವಕಲ್ಯಾಣದಲ್ಲಿ, ನಮ್ಮ ಮನೆಯ ಬಾಗಿಲಿನಿಂದ ಉತ್ತರಕ್ಕೆ ಅರವತ್ತೆರಡು ಹೆಜ್ಜೆ ದೂರದಲ್ಲಿ, ಮೂರು ದಾರಿ ಕೂಡುವ ಜಾಗದಲ್ಲಿ. ಆ ಜಾಗದ ಚಕ್ಕುಬಂದಿ ಹೀಗಿದೆ: ದಕ್ಷಿಣಕ್ಕೆ ನಮ್ಮ ಓಣಿ, ಪಶ್ಚಿಮಕ್ಕೆ ಹಿಟ್ಟಿನ ಗಿರಣಿ, ಉತ್ತರಕ್ಕೆ ವಿದ್ಯುತ್ ಕಂಬ, ಪೂರ್ವಕ್ಕೆ ಬಾಗಿಲು ಹಾಕಿದ ಪಾನ್ ಡಬ್ಬಿ ಅಂಗಡಿ. ನಿಂತಿದ್ದೆ ಎಂದೆ, ಸರಿಯಾಗಿ ಹೇಳಬೇಕೆಂದರೆ ಬಗ್ಗಿದ್ದೆ. ನನ್ನ ಮುಂದೆ ನೆಲದ ಮೇಲೆ ಕೊಯ್ದ ನಿಂಬೆಹಣ್ಣು ಒಂದು, ಒಣ ಮೆಣಸಿನಕಾಯಿ ಏಳು, ಸ್ವಲ್ಪ ಕಲ್ಲುಪ್ಪು. ಇಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಅರವತ್ತೆರಡು ವರ್ಷದ ಮರ್ಯಾದಸ್ಥ ಮನುಷ್ಯನೊಬ್ಬ ಯಾರೋ ನಿವಾಳಿಸಿ ಎಸೆದದ್ದನ್ನು ಯಾಕೆ ಕೆದಕುತ್ತಿದ್ದ ಎಂದು ಹೇಳಲು ಮಾತ್ರ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮಲ್ಲಿ ಹದಿಮೂರು ವರ್ಷ ಹಳೆಯ ಕಾರೊಂದಿದೆ. ಮೂರು ತಿಂಗಳಿಂದ ಅದಕ್ಕೊಂದು ಚಾಳಿ ಹತ್ತಿತ್ತು. ಚೆನ್ನಾಗಿ ಓಡುತ್ತಿದ್ದುದು ಇದ್ದಕ್ಕಿದ್ದಂತೆ ನಿಂತುಬಿಡುವುದು. ಎದುರಿನ ಫಲಕದಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪ ಹತ್ತುವುದು. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ನಡೆದೇ ಇಲ್ಲವೆಂಬಂತೆ ಹೊರಡುವುದು. ನಿಂತ ಜಾಗಗಳೆಲ್ಲ ನನ್ನ ಡೈರಿಯಲ್ಲಿವೆ. ಮಂಠಾಳದಲ್ಲಿ ಸಂತೆಯ ದಿನ ಬದನೆಕಾಯಿ ರಾಶಿಗೂ ಬಳೆ ಅಂಗಡಿಗೂ ನಡುವೆ ನಿಂತಿತು. ಸಸ್ತಾಪುರ ಬಂಗ್ಲಾದ ತಿರುವಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರಿನ ಎದುರಿಗೆ ನಿಂತಿತು. ಆ ಎರಡನೆಯ ಸಲ ನನ್ನ ಹೆಂಡತಿ ಗಿರಿಜಾ ಪಕ್ಕದಲ್ಲೇ ಇದ್ದಳು. ಟ್ರ್ಯಾಕ್ಟರಿನವನು ನನಗೆ ಹೇಳಿದ ಮಾತುಗಳನ್ನು ಅವಳು ಶಾಂತವಾಗಿ ಕೇಳಿಸಿಕೊಂಡಳು. ಅವನ ಮಾತು ಮುಗಿದ ಮೇಲೆ ತನ್ನದನ್ನೂ ಸೇರಿಸಿದಳು: “ಇನ್ನೊಮ್ಮೆ ಇದು ನಿಂತರ ನಾ ಬಸ್ಸಿಗೆ ಹೋಗ್ತೀನಿ. ನೀವ ಇದರ ಜೋಡಿ ಸಂಸಾರ ಮಾಡ್ರಿ.”

ಸಾಮಾನ್ಯ ದಿನಗಳಲ್ಲಾದರೆ ಈ ಮಾತಿಗೆ ಹೆದರುವವನಲ್ಲ. ಆದರೆ ಹುಮನಾಬಾದಿಗೆ ಕೊಟ್ಟ ಮಗಳಿಗೆ ಏಳನೆಯ ತಿಂಗಳು ತುಂಬಿತ್ತು. ಅದೇ ಗುರುವಾರ ಹನ್ನೊಂದು ಗಂಟೆಯೊಳಗೆ ಅವಳ ಸೀಮಂತ, ನಮ್ಮ ಕಡೆಯ ಮಾತಲ್ಲಿ ಕುಬಸ. ತವರಿನ ಬುತ್ತಿ, ಸೀರೆ, ಕುಬಸದ ಖಣ ಎಲ್ಲವೂ ನಮ್ಮ ಮನೆಯಿಂದಲೇ ಹೋಗಬೇಕು. ಐದು ನಮೂನೆ ಸಿಹಿಯ ಡಬ್ಬಿಗಳನ್ನು ತಲೆಯ ಮೇಲಿಟ್ಟುಕೊಂಡು ತಾಯಿ ಬಸ್ಸಿನಿಂದ ಇಳಿದರೆ ಬೀಗರ ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ಕಾರು ಎಲ್ಲಿ ಎಂದು ಒಂದು ಮಾತು ಕೇಳುತ್ತಾರೆ, ಅಷ್ಟೇ. ಆ ಒಂದು ಮಾತು ಮಗಳ ಕಿವಿಗೆ ಬೀಳಬಾರದು ಎಂಬುದು ನನ್ನ ಹಟ. ಕಾರಿನಲ್ಲೇ ಕರೆದೊಯ್ಯುತ್ತೇನೆ, ದಾರಿಯಲ್ಲಿ ನಿಲ್ಲುವುದಿಲ್ಲ ಎಂದು ಗಿರಿಜಾಳಿಗೆ ಮಾತು ಕೊಟ್ಟೆ.

ಸೋಮವಾರ ಹುಮನಾಬಾದಿನ ಮೆಕ್ಯಾನಿಕ್ ಗೌಸ್ ಮಿಯಾ ಬೇರೆ ಕೆಲಸಕ್ಕೆಂದು ನಮ್ಮೂರಿಗೆ ಬಂದವನು ನಮ್ಮ ಮನೆಗೂ ಬಂದ. ಸಣ್ಣ ಯಂತ್ರವೊಂದನ್ನು ಕಾರಿಗೆ ಚುಚ್ಚಿ, ಅದರ ತೆರೆಯ ಮೇಲೆ ಬಂದ ಅಕ್ಷರ ನೋಡಿ, ಇಂಜಿನ್ನಿಗೆ ಕ್ಯಾಮ್ ಸೆನ್ಸರ್ ಎಂಬುವು ಎರಡಿವೆ, ಒಂದು ಸಾಫ್ ಇದೆ, ಒಂದು ಖರಾಬಾಗಿದೆ ಎಂದ. ಇಂಜಿನ್ ಯಾವಾಗ ಉಸಿರು ತೆಗೆದುಕೊಳ್ಳಬೇಕು, ಯಾವಾಗ ಬಿಡಬೇಕು ಎಂದು ಲೆಕ್ಕ ಇಡುವ ಹೆಬ್ಬೆರಳಿನಷ್ಟು ಉದ್ದದ ಕಪ್ಪು ವಸ್ತುಗಳು ಅವು. ಎರಡೂ ಅವಳಿ ಜವಳಿ, ಗುರುತು ಹಿಡಿಯಲು ಬಾರದು. ಗೌಸ್ ಕೆಟ್ಟದ್ದನ್ನು ಬೆರಳಿಟ್ಟು ತೋರಿಸಿದ. ತಾನೇ ಹಾಕಿಕೊಡುತ್ತಿದ್ದನಂತೆ, ಆದರೆ ಚಿಟಗುಪ್ಪದಲ್ಲಿ ತಂಗಿಯ ಮಗಳ ಶಾದಿ, ಶುಕ್ರವಾರದವರೆಗೆ ಕೈಗೆ ಸಿಗುವುದಿಲ್ಲ. ಇರುವುದು ಒಂದು ಬೋಲ್ಟು, ಒಂದು ಕ್ಲಿಪ್ಪು, ಬಿಚ್ಚಲು ಹತ್ತು ನಂಬರಿನ ಪಾನಾ ಇದ್ದರೆ ಸಾಕು, ಹದಿನೈದು ನಿಮಿಷದಲ್ಲಿ ನೀವೇ ಬದಲಿಸಬಹುದು ಎಂದ. ಮೂವತ್ತೊಂದು ವರ್ಷ ಸರ್ಕಾರಿ ಸರ್ವೇಯರ್ ಆಗಿದ್ದವನಿಗೆ ಇದು ಯಾವ ಮಹಾ ಕೆಲಸ ಎಂದು ಹುರಿದುಂಬಿಸಿಯೂ ಹೋದ.

ತಪ್ಪು ನಡೆದದ್ದು ಆ ಸರ್ವೇಯರನಿಂದಲೇ. ನಾನು ಹೊಲಗಳನ್ನು ಅಳೆದವನು. ಎಡ, ಬಲ, ಹಿಂದೆ, ಮುಂದೆ ಎಂಬ ಮಾತುಗಳನ್ನು ನನ್ನ ವೃತ್ತಿ ನಂಬುವುದಿಲ್ಲ. ಮನುಷ್ಯ ತಿರುಗಿ ನಿಂತರೆ ಅವು ಸುಳ್ಳಾಗುತ್ತವೆ. ದಿಕ್ಕು ಸುಳ್ಳಾಗುವುದಿಲ್ಲ. ಮನೆಯಲ್ಲೂ ನನ್ನ ಬಾಯಲ್ಲಿ ದಿಕ್ಕೇ ಬರುವುದು. ಉಪ್ಪಿನ ಡಬ್ಬಿ ವಾಯವ್ಯದಲ್ಲಿದೆ ಎನ್ನುತ್ತೇನೆ. ಬೆನ್ನು ತುರಿಸಿಕೊಡುವಾಗ ಸ್ವಲ್ಪ ಆಗ್ನೇಯಕ್ಕೆ ಎಂದು ಹೇಳಿ ಗಿರಿಜಾಳಿಂದ ಬೈಸಿಕೊಂಡಿದ್ದೇನೆ. ಅವತ್ತು ಕಾರು ಮನೆಯ ಮುಂದೆ ಉತ್ತರಕ್ಕೆ ಮೂತಿ ಮಾಡಿ ನಿಂತಿತ್ತು. ಗೌಸ್ ಮಿಯಾ ಬೆರಳಿಟ್ಟದ್ದು ಮೂತಿಯ ಕಡೆಯ ಸೆನ್ಸರಿಗೆ. ನಾನು ಡೈರಿಯಲ್ಲಿ ಬರೆದುಕೊಂಡೆ: “ಉತ್ತರದ ಸೆನ್ಸರ್ ಖರಾಬ್. ದಕ್ಷಿಣದ್ದು ಸರಿ ಇದೆ.” ಬರೆದು, ಕೆಳಗೆ ಅಡ್ಡಗೆರೆಯನ್ನೂ ಎಳೆದೆ.

ಮಂಗಳವಾರ ಹುಮನಾಬಾದಿಗೆ ಹೋಗಿ ಹೊಸ ಸೆನ್ಸರ್ ತಂದೆ. ಬಸ್ಸಿನಲ್ಲಿ ಹೋಗಬಹುದಿತ್ತು. ಕಾರಿನ ಭಾಗ ತರಲು ಬಸ್ಸಿನಲ್ಲಿ ಹೋಗುವುದು ಕಾರಿಗೆ ಅವಮಾನ ಎನ್ನಿಸಿ ಕಾರಿನಲ್ಲೇ ಹೋದೆ. ಹೋಗುವಾಗ ಎರಡು ಸಲ, ಬರುವಾಗ ಮೂರು ಸಲ ನಿಂತು ಅದೇ ನನಗೆ ಅವಮಾನ ಮಾಡಿತು. ತಿರುಗಿ ಬಂದಾಗ ಓಣಿಯಲ್ಲಿ ನೀರಿನ ಟ್ಯಾಂಕರ್ ಅಡ್ಡ ನಿಂತಿತ್ತು. ಸುತ್ತು ಹಾಕಿ ಇನ್ನೊಂದು ಕಡೆಯಿಂದ ಬಂದು ಮನೆಯ ಮುಂದೆ ನಿಲ್ಲಿಸಿದೆ. ಈ ಸಲ ಕಾರಿನ ಮೂತಿ ದಕ್ಷಿಣಕ್ಕೆ. ಇದನ್ನು ನಾನು ಡೈರಿಯಲ್ಲಿ ಬರೆಯಲಿಲ್ಲ.

ಬುಧವಾರ ಮಧ್ಯಾಹ್ನ ಬಾನೆಟ್ ಎತ್ತಿದೆ. ಪಕ್ಕದ ಮನೆಯ ಕಸ್ತೂರಿಬಾಯಿ ತಮ್ಮ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಎಪ್ಪತ್ತೊಂದು ವರ್ಷದ ಅವರಿಗೆ ಓಣಿಯಲ್ಲಿ ನಡೆಯುವುದೆಲ್ಲ ಕಾಣಬೇಕು. ಕಾಣದ್ದನ್ನು ಕೇಳಿ ತಿಳಿದುಕೊಳ್ಳುತ್ತಾರೆ. ನಾನು ಬಗ್ಗಿದ್ದಷ್ಟು ಹೊತ್ತೂ ಅವರ ವಿಚಾರಣೆ ನಡೆದಿತ್ತು. ಕಾರಿಗೆ ಹೊಟ್ಟೆನೋವೇ ಎಂದು ಕೇಳಿದರು. ಮೊದಲು ಈ ವಿದ್ಯೆ ಎಲ್ಲಾದರೂ ಕಲಿತಿದ್ದೀರಾ ಎಂದರು. ಕ್ಲಿಪ್ಪು ಬಿಡಿಸಲು ನಲವತ್ತು ನಿಮಿಷ ಹಿಡಿಯಿತು. ಒತ್ತಿ ಎಳೆಯಬೇಕಾದದ್ದನ್ನು ನಾನು ಎಳೆದು ಒತ್ತುತ್ತಿದ್ದೆನೆಂದು ಆಮೇಲೆ ತಿಳಿಯಿತು. ಬೋಲ್ಟು ಕೈಜಾರಿ ಇಂಜಿನ್ನಿನ ಹೊಟ್ಟೆಯೊಳಗೆಲ್ಲೋ ಬಿದ್ದು ಟಣ್ ಟಣ್ ಎಂದು ಮೂರು ಸದ್ದು ಮಾಡಿ ಸುಮ್ಮನಾಯಿತು. ಗಿರಿಜಾ ಗೋದಿ ಹಿಟ್ಟಿನ ಕೈಯಲ್ಲೇ ಬಂದು, ನೆಲದ ಮೇಲೆ ಅಂಗಾತ ಮಲಗಿದ್ದ ನನ್ನನ್ನು ನೋಡಿ, ಮತ್ತೆ ಹಿಟ್ಟು ನಾದಲು ಒಳಗೆ ಹೋದಳು. ಅಂತೂ ನಾಲ್ಕೂವರೆಗೆ ಬಿದ್ದ ಬೋಲ್ಟು ಸಿಕ್ಕಿ, ಡೈರಿ ಇನ್ನೊಮ್ಮೆ ತೆರೆದು, ಕೈಯಲ್ಲಿದ್ದ ದಿಕ್ಸೂಚಿಯನ್ನೂ ನೋಡಿ, ಉತ್ತರದ ಸೆನ್ಸರನ್ನು ಕಿತ್ತು ಹೊಸದನ್ನು ಕೂರಿಸಿದೆ. ಹೌದು, ದಿಕ್ಸೂಚಿ. ನಿವೃತ್ತನಾದ ಮೇಲೂ ಅದು ನನ್ನ ಹತ್ತಿರ ಇರುತ್ತದೆ.

ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಅದು ಮೊದಲೂ ಒಂದೇ ಸಲಕ್ಕೆ ಚಾಲೂ ಆಗುತ್ತಿತ್ತು ಎಂಬುದು ಆ ಖುಷಿಯಲ್ಲಿ ಮರೆತುಹೋಯಿತು. ಗಿರಿಜಾಳಿಗೂ ಖುಷಿಯಾಗಿರಬೇಕು, ಕಿತ್ತ ಸೆನ್ಸರನ್ನು ಕೊಡಿ ಎಂದಳು. ಮೂರು ತಿಂಗಳು ಕಾಡಿದ ಪೀಡೆ ಮನೆಯಲ್ಲಿ ಇರಬಾರದು, ನಾಳೆ ಬಸುರಿ ಮಗಳ ಹತ್ತಿರ ಹೋಗುವ ಗಾಡಿ ಎಂದಳು. ನಿಂಬೆಹಣ್ಣು, ಮೆಣಸಿನಕಾಯಿ, ಉಪ್ಪು, ಅವುಗಳ ಜೊತೆ ಸೆನ್ಸರು, ಎಲ್ಲವನ್ನೂ ಕಾರಿನ ಸುತ್ತ ಮೂರು ಸಲ ನಿವಾಳಿಸಿದಳು. ಬಂದವರ ಕಣ್ಣು, ಹೋದವರ ಕಣ್ಣು ಎಂದು ಗೊಣಗಿ, ಕಟ್ಟೆಯ ಕಡೆ ಒಮ್ಮೆ ನೋಡಿ, ಶೇಂಗಾ ಸುಲಿಯುವವರ ಕಣ್ಣು ಎಂದು ಮೆಲ್ಲಗೆ ಸೇರಿಸಿದಳು. ಹೊತ್ತು ಮುಳುಗುವ ವೇಳೆಗೆ ಮೂರು ದಾರಿ ಕೂಡುವಲ್ಲಿ ಎಸೆದು, ಹಿಂತಿರುಗಿ ನೋಡದೆ ಬಂದು ಕಾಲು ತೊಳೆದಳು.

ಗುರುವಾರ ಬೆಳಿಗ್ಗೆ ಐದೂವರೆಗೆ, ಒಂದು ಸುತ್ತು ಹೋಗಿಬರೋಣವೆಂದು ಕಾರು ಹೊರಡಿಸಿದೆ. ಓಣಿಯ ತುದಿಯಲ್ಲಿ ಹಳದಿ ದೀಪ ಹತ್ತಿತು. ಕಾರು ನಿಂತಿತು. ಹತ್ತು ನಿಮಿಷ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತೆ. ಮನೆಯ ಮುಂದೆ ತಂದು ನಿಲ್ಲಿಸಿ ಗೌಸ್ ಮಿಯಾನಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ನಮಾಜಿಗೆ ಎದ್ದಿದ್ದ. ಮುಂದಿನದು ತೆಗೆದಿರೋ, ಹಿಂದಿನದೋ ಎಂದು ಕೇಳಿದ. ಉತ್ತರದ್ದು ಎಂದೆ. ಆ ಕಡೆ ಶಾದಿ ಮನೆಯ ಪಾತ್ರೆಗಳ ಸದ್ದು ಕೇಳಿಸುತ್ತಿತ್ತು.

“ಸಾಬ್,” ಎಂದ ಗೌಸ್, ಬಹಳ ಮರ್ಯಾದೆಯಿಂದ. “ಗಾಡ್ಯಾಗ ಉತ್ತರ ಎಲ್ಲದರಿ? ಅದು ಹೊಲ ಅಲ್ಲ, ತಿರಗತದ.”

ತಿರುಗುತ್ತದೆ. ಮೂವತ್ತೊಂದು ವರ್ಷ ನಾನು ಅಳೆದ ಯಾವ ಹೊಲವೂ ರಾತ್ರೋರಾತ್ರಿ ಮಗ್ಗುಲು ಬದಲಿಸಿರಲಿಲ್ಲ. ಸೋಮವಾರದ ಉತ್ತರ ಎಂದರೆ ಕಾರಿನ ಮೂತಿ, ಬುಧವಾರದ ಉತ್ತರ ಎಂದರೆ ಅದರ ಬೆನ್ನು. ನಾನು ಒಳ್ಳೆಯದನ್ನು ಕಿತ್ತು, ಅದರ ಜಾಗಕ್ಕೆ ಹೊಸದನ್ನು ಹಾಕಿ, ಕೆಟ್ಟದ್ದನ್ನು ಹಾಗೆಯೇ ಬಿಟ್ಟಿದ್ದೆ. ಗೌಸ್ ಧೈರ್ಯ ಹೇಳಿದ: ಚಿಂತೆ ಬೇಡ, ಕಿತ್ತದ್ದು ಸಾಫ್ ಮಾಲು, ಅದನ್ನೇ ಮುಂದಿನ ಜಾಗಕ್ಕೆ ಹಾಕಿ, ಮನೆಯಲ್ಲೇ ಇಟ್ಟಿದ್ದೀರಲ್ಲ? ಎಂದು ಕೇಳಿದ. ಇದೆ ಎಂದೆ. ಎಲ್ಲಿದೆ ಎಂದು ಅವನು ಕೇಳಲಿಲ್ಲ.

ಹೀಗೆ ನಾನು ಆರು ಗಂಟೆ ಹತ್ತು ನಿಮಿಷಕ್ಕೆ ಅಲ್ಲಿ ಬಗ್ಗಿದ್ದೆ. ನಿವಾಳಿಸಿ ಎಸೆದದ್ದನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ, ದಾಟುವುದೂ ಇಲ್ಲ; ಸೈಕಲ್ಲಿನವರು ಕೂಡ ಸುತ್ತುಹಾಕಿ ಹೋಗುತ್ತಾರೆ. ಆ ಕಾರಣಕ್ಕೇ ಸೆನ್ಸರು ಇನ್ನೂ ಅಲ್ಲೇ ಇತ್ತು, ನಿಂಬೆಹಣ್ಣಿನಿಂದ ನೈಋತ್ಯಕ್ಕೆ ಒಂದು ಗೇಣು ದೂರದಲ್ಲಿ. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ಆದರೂ ಕರ್ಚೀಫು ಸುತ್ತಿ ಎಡಗೈಯಿಂದ ಎತ್ತಿದೆ. ಎತ್ತಿ ತಿರುಗಿದರೆ, ಹಾಲಿನ ಪಾತ್ರೆ ಹಿಡಿದ ಕಸ್ತೂರಿಬಾಯಿ.

“ಏನ್ ಮಾಡಾಕತ್ತೀರಿ ಸಾಹೇಬ್ರ?”

“ಮೋಜಣಿ, ಅಕ್ಕಾರ, ಅಳತಿ.”

“ನಿಂಬಿಹಣ್ಣಿಂದು?”

ಅವರು ನನ್ನ ಕರ್ಚೀಫನ್ನೂ, ನೆಲದ ಮೇಲಿನ ಮೆಣಸಿನಕಾಯಿಗಳನ್ನೂ, ಅರವತ್ತೆರಡು ಹೆಜ್ಜೆ ಆಚೆಗಿನ ನಮ್ಮ ಕಾರನ್ನೂ ಒಂದೊಂದಾಗಿ ನೋಡಿದರು. “ಗಿರಿಜಾಗ ನಾ ಏನೂ ಹೇಳಂಗಿಲ್ಲ ತಗೋರಿ,” ಎಂದು ಹೊರಟುಹೋದರು. ಹೇಳುತ್ತೇನೆ ಎಂದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಸೆನ್ಸರನ್ನು ನಲ್ಲಿಯ ಕೆಳಗೆ ಮೂರು ಸಲ ತೊಳೆದು, ಒರೆಸಿ, ಮೂತಿಯ ಕಡೆಗೆ ಕೂರಿಸಿದೆ. ಈ ಸಲ ಹದಿನೈದೇ ನಿಮಿಷ ಹಿಡಿಯಿತು. ಸಸ್ತಾಪುರ ಬಂಗ್ಲಾದವರೆಗೆ ಹೋಗಿಬಂದೆ, ದೀಪ ಹತ್ತಲಿಲ್ಲ. ಒಂಬತ್ತೂವರೆಗೆ ಗಿರಿಜಾ ಡಬ್ಬಿಗಳನ್ನೆಲ್ಲ ಇಡಿಸಿ ನನ್ನ ಪಕ್ಕದಲ್ಲಿ ಕೂತಳು. ಹಿಂದೆ ಕಸ್ತೂರಿಬಾಯಿ, ಕುಬಸಕ್ಕೆ ಅವರಿಗೂ ಆಮಂತ್ರಣವಿತ್ತು, ಅದನ್ನು ನಾನು ಮರೆತಿದ್ದೆ. ದಾರಿಯುದ್ದಕ್ಕೂ ಅವರು ಗಾಡಿಯನ್ನು ಹೊಗಳಿದರು. ಹಳೆಯದನ್ನು ಎಸೆದದ್ದಕ್ಕೇ ಇಷ್ಟು ಚೆನ್ನಾಗಿ ಓಡುತ್ತಿದೆ ನೋಡು ಗಿರಿಜಾ ಎಂದರು. ಗಿರಿಜಾ ಹೌದೌದು ಎಂದಳು. ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಬೇಕಾದವನು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಬೀಗರ ಬಾಗಿಲಲ್ಲಿ ನಿಂತೆವು. ಮಗಳು ಹೊರಗೆ ಬಂದು, ಮೊದಲು ಕಾರನ್ನು, ಆಮೇಲೆ ತಾಯಿಯನ್ನು ನೋಡಿ ನಕ್ಕಳು. ಬೀಗರು ಏನನ್ನೂ ಕೇಳಲಿಲ್ಲ.

ಸಂಜೆ ತಿರುಗಿ ಬರುವಾಗ ಆ ಮೂರು ದಾರಿಯಲ್ಲಿ ಗಿರಿಜಾ ಕಾರು ನಿಧಾನ ಮಾಡಿಸಿದಳು. ಕಿಟಕಿಯಿಂದ ನೋಡಿದಳು. “ನಿಂಬಿಹಣ್ಣ ಅದ, ಮೆಣಸಿನಕಾಯಿ ಅವ. ಅದ ಎಲ್ಲಿ ಹೋತ್ರಿ?”

ಜೀವಮಾನದಲ್ಲಿ ಸುಳ್ಳು ಪಂಚನಾಮೆ ಬರೆದವನಲ್ಲ ನಾನು. “ಅದು ತನ್ನ ಹದ್ದಿನಾಗ ಅದ,” ಎಂದೆ. ಅವಳು ನನ್ನನ್ನು ನೋಡಿದಳು, ಬಾನೆಟ್ಟನ್ನು ನೋಡಿದಳು. ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದರು.

ಈ ಸಂಗತಿಯನ್ನು ಕಣ್ಣಾರೆ ಕಂಡವರು ನನ್ನನ್ನು ಬಿಟ್ಟರೆ ಇಬ್ಬರೇ. ಗೌಸ್ ಮಿಯಾ ಕೇಳಿದವನು, ಕೇಳಿದವನು ಸಾಕ್ಷಿಯಾಗುವುದಿಲ್ಲ. ಒಬ್ಬ ಸಾಕ್ಷಿ ಗಿರಣಿಯ ಮುಂದೆ ಮಲಗಿದ್ದ ಕಂದು ನಾಯಿ, ಅದು ಈ ಬೇಸಿಗೆಯಲ್ಲಿ ತೀರಿಕೊಂಡಿತು. ಇನ್ನೊಬ್ಬರು ಕಸ್ತೂರಿಬಾಯಿ. ಅವರು ಬದುಕಿದ್ದಾರೆ. ಸಕ್ಕರೆ ಇಲ್ಲ, ಬಿಪಿ ಇಲ್ಲ, ಮಂಡಿನೋವೂ ಇಲ್ಲ. ಪ್ರತಿ ಗುರುವಾರ ಮಾಣಿಕನಗರದ ದೇವಸ್ಥಾನಕ್ಕೆ ಹೋಗಬೇಕೆಂಬುದು ಅವರ ಬಹಳ ದಿನದ ಆಸೆಯಾಗಿತ್ತಂತೆ. ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ನಮ್ಮ ಕಾರಿನ ಹಿಂದಿನ ಬಾಗಿಲ ಹತ್ತಿರ ಬಂದು ನಿಲ್ಲುತ್ತಾರೆ. ಪಕ್ಕದ ಮನೆಯವರ ಮೇಲೆ ನಿಮಗೆ ಇಷ್ಟು ಪ್ರೀತಿ ಯಾವಾಗಿನಿಂದ ಎಂದು ಗಿರಿಜಾ ಕೇಳುತ್ತಾಳೆ. ಹಿಂದಿನ ಸೀಟಿನಲ್ಲಿ ಎಡಬದಿಯ ಜಾಗ ಅವರದು. ಡೈರಿಯಲ್ಲೂ ಎಡ ಎಂದೇ ಬರೆದುಕೊಂಡಿದ್ದೇನೆ. ಪೂರ್ವ ಎಂದು ಬರೆಯುವುದನ್ನು ಬಿಟ್ಟಿದ್ದೇನೆ.