ಹದಿನೈದನೆಯವನು

ಹದಿನಾಲ್ಕಕ್ಕೂ ಹದಿನೈದಕ್ಕೂ ಇರುವ ಅಂತರ ಒಂದು ಎಂದು ಲೋಕವೆಲ್ಲ ನಂಬಿಕೊಂಡು ಬಂದಿದೆ. ಈ ನಂಬಿಕೆ ಎಷ್ಟು ಪೊಳ್ಳು ಎಂಬುದು ಡಿಲ್ವರ್ತ್ ಕೌಂಟಿ ಕಮ್ಯುನಿಟಿ ಕಾಲೇಜಿನಲ್ಲಿ ಆಗಸ್ಟ್ ತಿಂಗಳ ಒಂದು ಶುಕ್ರವಾರ ರುಜುವಾತಾಯಿತು. ಇತಿಹಾಸ ಬರೆಯುವವರು ಈ ಸಂಗತಿಯನ್ನು ಬಿಟ್ಟುಬಿಟ್ಟಿದ್ದಾರೆ. ಅವರಿಗೆ ಯುದ್ಧಗಳ ಕಡೆಯೇ ಗಮನ.

ಕಾಲೇಜಿನ ನಿಯಮ ಸರಳ. ಸೋಮವಾರ ತರಗತಿಗಳು ಶುರು. ಅದರ ಹಿಂದಿನ ಶುಕ್ರವಾರ ಸಂಜೆ ಐದು ಗಂಟೆಗೆ ಯಾವ ತರಗತಿಯಲ್ಲಿ ಹದಿನೈದು ಹೆಸರು ಇರುವುದಿಲ್ಲವೋ ಅದು ರದ್ದು. ವೆಂಡೆಲ್ ಹೂಪರ್‌ನ ‘ಗಣಿತ 95’ ಎಂಬ ಬೀಜಗಣಿತ ತರಗತಿಯಲ್ಲಿ ಹದಿನಾಲ್ಕು ಹೆಸರಿದ್ದವು.

ವೆಂಡೆಲ್ ಆ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಅರೆಕಾಲಿಕ ಮೇಷ್ಟ್ರು. ಸೆಮಿಸ್ಟರಿಗೆ ಮೂರು ತರಗತಿ ಸಿಕ್ಕರೆ ಅವನ ಮನೆಯವರಿಗೆಲ್ಲ ಆರೋಗ್ಯದ ಇನ್ಶೂರೆನ್ಸ್ ಉಂಟು, ಎರಡಾದರೆ ಇಲ್ಲ. ಎರಡು ಆಗಲೇ ಭದ್ರವಾಗಿದ್ದವು, ಮೂರನೆಯದು ಈ ಗಣಿತ 95. ಮಗಳು ಕಾರಿನ್‌ಳ ಮೇಲಿನ ಹಲ್ಲುಗಳಿಗೆ ಕ್ಲಿಪ್ ಹಾಕಿಸಿ ಆಗಿತ್ತು, ಅವು ಪೆರೇಡಿನ ಸಿಪಾಯಿಗಳ ಹಾಗೆ ಸಾಲಾಗಿ ನಿಂತಿದ್ದವು. ಕೆಳಗಿನವು ಇನ್ನೂ ಬಸ್ಸಿಗೆ ಕಾದವರಂತೆ ಒಂದೊಂದು ಒಂದೊಂದು ಕಡೆ ನೋಡುತ್ತಿದ್ದವು. ಅವುಗಳ ಸರದಿ ಅಕ್ಟೋಬರಿನಲ್ಲಿ, ಇನ್ಶೂರೆನ್ಸ್ ಇದ್ದರೆ.

ಬೆಳಿಗ್ಗೆ ಹತ್ತಕ್ಕೆ ಅವನು ನೋಂದಣಿ ಕಚೇರಿಯ ಕಿಟಕಿಗೆ ಬಂದ. ಒಳಗೆ ಡಾರ್ಲೀನ್ ಕ್ಯಾರೆಟ್ ಕಡಿಯುತ್ತಾ ಕೂತಿದ್ದಳು. ಅವಳು ಆ ಕುರ್ಚಿಯಲ್ಲಿ ಕೂತ ಮೇಲೆ ನಾಲ್ಕು ಜನ ಪ್ರಿನ್ಸಿಪಾಲರು ಬಂದು ಹೋಗಿದ್ದರು.

“ಹದಿನಾಲ್ಕು,” ಎಂದಳು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

“ಇನ್ನೊಂದು ಸಲ ನೋಡಿ.”

“ನೋಡ್ತಾ ಇದ್ರೆ ಬೆಳೆಯೋಕೆ ಇದೇನು ಕುಂಬಳಕಾಯಾ? ಬೆಳಿಗ್ಗೆ ಏಳೂವರೆಗೆ ಬೀಜಗಣಿತ ಇಟ್ರೆ ಯಾರಪ್ಪ ಬರ್ತಾರೆ? ಅದೂ ಡಿಗ್ರಿಗೆ ಲೆಕ್ಕಕ್ಕೇ ಬಾರದೇ ಇರೋ ಪಾಠ.”

ಅದು ನಿಜವಾಗಿತ್ತು. ಗಣಿತ 95 ಮುಗಿಸಿದವರಿಗೆ ಸಿಗುವುದು ಮುಂದಿನ ಗಣಿತ ಪಾಠಕ್ಕೆ ಸೇರುವ ಹಕ್ಕು ಮಾತ್ರ. ಉಪವಾಸ ಮುಗಿಸಿದವನಿಗೆ ಇನ್ನೊಂದು ಉಪವಾಸವನ್ನು ಬಹುಮಾನ ಕೊಟ್ಟ ಹಾಗೆ.

ಕಾರಿಡಾರಿನಲ್ಲಿ ಡಾಕ್ಟರ್ ಲೋವೆಲ್ ಸ್ಟಾನೆಕ್ ಎದುರಾದರು. ಅವರು ಕಾಯಂ ಪ್ರೊಫೆಸರು, ಕ್ಯಾಲ್ಕುಲಸ್ ಹೇಳುವವರು, ಸ್ವಂತ ಕೋಣೆಯೂ ಅದಕ್ಕೊಂದು ಕಿಟಕಿಯೂ ಉಳ್ಳವರು. ಸಂಗತಿ ಕೇಳಿ ಅವರ ಮನಸ್ಸು ಕರಗಿತು.

“ಅಯ್ಯೋ, ಒಂದೇ ಒಂದು ಹೆಸರಿಗೆ ಯಾಕಯ್ಯ ಇಷ್ಟು ಒದ್ದಾಟ? ಬಾಗಿಲ ಹತ್ರ ಒಂದು ಮೇಜು ಹಾಕು, ಡೋನಟ್ ಇಡು. ಜನ ತಾವಾಗೇ ಬರ್ತಾರೆ.”

ಜನ ತಾವಾಗೇ ಬಂದರು. ಮೂರು ಡಜನ್ ಡೋನಟ್ ಇಪ್ಪತ್ತು ನಿಮಿಷದಲ್ಲಿ ಖಾಲಿಯಾಯಿತು. ಒಬ್ಬ ಇದು ರಕ್ತದಾನದ ಮೇಜೇ ಎಂದು ಕೇಳಿದ. ಇನ್ನೊಬ್ಬಳು ಸಕ್ಕರೆ ಹತ್ತಿದ ಬೆರಳು ನೆಕ್ಕುತ್ತಾ, “ಸರ್, ಗಣಿತ 95 ನಾನು ನಿಮ್ ಹತ್ರಾನೇ ಮಾಡಿದ್ದು. ಮೂರು ಸಲ. ತುಂಬಾ ಚೆನ್ನಾಗಿ ಹೇಳ್ತೀರಿ,” ಎಂದು ನಾಲ್ಕನೆಯ ಡೋನಟ್ ಎತ್ತಿಕೊಂಡು ಹೋದಳು.

ಕೊನೆಗೆ ಕನಿಕರ ಬಂದದ್ದು ಕ್ಯಾಂಟೀನಿನ ಓಪಲ್‌ಗೆ. ಆಕೆ ಎರಡು ವರ್ಷದ ಹಿಂದೆ ಇದರ ಕೆಳಗಿನ ಪಾಠ ಮುಗಿಸಿ ಅಲ್ಲಿಗೇ ನಿಲ್ಲಿಸಿದ್ದಳು.

“ಬರ್ಕೊಳಪ್ಪ ನನ್ನ ಹೆಸರು. ಎಷ್ಟು ದಿನಾಂತ ಮುಖ ಹೀಗೆ ಹಿಂಡ್ಕೊಂಡು ಓಡಾಡ್ತೀಯ?”

“ಏಳೂವರೆಗೆ ಕ್ಯಾಂಟೀನು?”

“ಆ ಹೊತ್ತಲ್ಲಿ ಕಾಫಿ ಕೇಳೋ ಹದಿನಾಲ್ಕು ಜನಾನೂ ನಿನ್ನ ಕ್ಲಾಸಲ್ಲೇ ಕೂತಿರ್ತಾರಲ್ಲ. ಫ್ಲಾಸ್ಕು ಅಲ್ಲಿಗೇ ತರ್ತೀನಿ.”

ಹನ್ನೆರಡೂ ಹತ್ತಕ್ಕೆ ಪಟ್ಟಿಯಲ್ಲಿ ಹದಿನೈದಾಯಿತು. ವೆಂಡೆಲ್ ಮನೆಗೆ ಫೋನು ಮಾಡಿ ಹೆಂಡತಿಗೆ, “ಕೆಳಗಿನ ಸಾಲೂ ಆಯ್ತು ಅಂದ್ಕೋ,” ಎಂದ. ಹನ್ನೆರಡೂವರೆಗೆ ಟೈರ್ ಅಂಗಡಿಯ ಡ್ವೇನ್ ಎಂಬುವನು ಡಾರ್ಲೀನ್‌ಳ ಕಿಟಕಿಗೆ ಬಂದ. ಅವನು ಮೊದಲಿನ ಹದಿನಾಲ್ಕರಲ್ಲಿ ಒಬ್ಬ.

“ಮೇಡಂ, ಇದರಲ್ಲಿ ಏಳೂವರೆ ಅಂತ ಇದೆಯಲ್ಲ, ಬೆಳಗಿನದಾ?”

“ಹೂಂ.”

“ಎಲ್ಲಾ ದಿನಾನೂ ಬೆಳಗಿನದೇನಾ?”

“ಸೋಮವಾರ, ಬುಧವಾರ, ಶುಕ್ರವಾರ. ಮೂರು ದಿನವೂ ಸೂರ್ಯ ಇರ್ತಾನೆ.”

ಡ್ವೇನ್ ಕಣ್ಣು ಮುಚ್ಚಿ ಆ ದೃಶ್ಯವನ್ನು ಕಲ್ಪಿಸಿಕೊಂಡ. ಆಮೇಲೆ ಹೆಸರು ತೆಗೆಸಿದ.

ಮತ್ತೆ ಹದಿನಾಲ್ಕು. ಎರಡು ಗಂಟೆಯ ಹೊತ್ತಿಗೆ ಸುದ್ದಿ ಇಡೀ ಕಾಲೇಜಿಗೆ ಹಬ್ಬಿ, ಪ್ರತಿಯೊಬ್ಬರೂ ತಲೆಗೊಂದರಂತೆ ಸಲಹೆ ಕೊಟ್ಟು ಹೋಗುತ್ತಿದ್ದರು. ಗ್ರಂಥಾಲಯದವರು ಪ್ರಾರ್ಥನೆ ಮಾಡು ಎಂದರು. ಕಂಪ್ಯೂಟರ್ ವಿಭಾಗದವರು ಪಾಠದ ಹೆಸರು ಬದಲಾಯಿಸು ಎಂದರು. ನೆಲ ಒರೆಸುವ ಗಸ್ ಮಾತ್ರ ಕೋಲನ್ನು ಗೋಡೆಗೆ ಒರಗಿಸಿ, “ನಾನು ಸೇರ್ತೀನಿ ಸರ್. ನನ್ನ ಕೆಲಸ ಶುರುವಾಗೋದೇ ಮಧ್ಯಾಹ್ನ,” ಎಂದ.

“ಗಸ್, ನಿನಗೆ ಗಣಿತ ಎಷ್ಟು ಬರುತ್ತೆ?”

“ಏನೂ ಬರಲ್ಲ ಸರ್. ನಲವತ್ತು ವರ್ಷ ಆಯ್ತು ಸ್ಕೂಲು ಬಿಟ್ಟು.”

ವೆಂಡೆಲ್ ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ. ಹೊಸಬರು ಮೊದಲು ಒಂದು ಪರೀಕ್ಷೆ ಬರೆಯಬೇಕು, ಯಾವ ಪಾಠಕ್ಕೆ ಯೋಗ್ಯರು ಎಂದು ಯಂತ್ರವೇ ಹೇಳುತ್ತದೆ. ಗಸ್ ಕನ್ನಡಕ ಏರಿಸಿ ಕೂತ, ಅರ್ಧ ಗಂಟೆಯಲ್ಲಿ ಎದ್ದ. ಯಂತ್ರ ಅವನು ಕ್ಯಾಲ್ಕುಲಸ್‌ಗೆ ಯೋಗ್ಯ ಎಂದಿತು.

“ಕ್ಯಾಲ್ಕುಲಸ್ಸಾ!” ವೆಂಡೆಲ್ ಕೂಗಿದ. “ಏನೂ ಬರಲ್ಲ ಅಂದ್ಯಲ್ಲೋ!”

“ಬರಲ್ಲ ಸರ್. ಇಪ್ಪತ್ತು ವರ್ಷದಿಂದ ಬೋರ್ಡು ಒರೆಸ್ತಿದ್ದೀನಿ. ಒರೆಸೋ ಮುಂಚೆ ಒಂದ್ಸಲ ಓದ್ತೀನಿ, ಅಷ್ಟೇ.”

“ಡಾರ್ಲೀನ್, ಇವನನ್ನ ಕೆಳಗಿನ ಕ್ಲಾಸಿಗೆ ಹಾಕಕ್ಕಾಗಲ್ವಾ?”

“ಆಗಲ್ಲ. ದಡ್ಡರನ್ನ ಮೇಲೆ ಹತ್ತಿಸೋಕೆ ಅರ್ಜಿ ಇದೆ. ಜಾಣರನ್ನ ಕೆಳಗೆ ಇಳಿಸೋಕೆ ಅರ್ಜೀನೇ ಪ್ರಿಂಟ್ ಮಾಡಿಸಿಲ್ಲ.”

ಗಸ್ ತಪ್ಪು ಮಾಡಿದವನ ಮುಖ ಹೊತ್ತು ತನ್ನ ಬಕೆಟ್ಟಿನ ಕಡೆಗೆ ಹೋದ.

ನಾಲ್ಕು ಗಂಟೆಗೆ ವೆಂಡೆಲ್ ಕಿಟಕಿಯ ಕಟ್ಟೆಗೆ ಹಣೆ ಊರಿ ನಿಂತಿದ್ದ. ಡಾಕ್ಟರ್ ಸ್ಟಾನೆಕ್ ಟೀ ಮಗ್ಗು ಹಿಡಿದು ಪಕ್ಕದಲ್ಲಿ ನಿಂತು ಬೆನ್ನು ತಟ್ಟುತ್ತಿದ್ದರು. ಡಾರ್ಲೀನ್ ಹೊಸ ಕ್ಯಾರೆಟ್ ಒಂದನ್ನು ಮುರಿದಳು.

“ಕೆಲಸಗಾರರಿಗೆ ಸೆಮಿಸ್ಟರಿಗೆ ಒಂದು ಪಾಠ ಪುಕ್ಕಟೆ,” ಎಂದಳು.

“ಅದಕ್ಕೆ?”

“ನೀನು ಕೆಲಸಗಾರ ಹೌದೋ ಅಲ್ವೋ?”

ವೆಂಡೆಲ್ ನಿಧಾನವಾಗಿ ತಲೆ ಎತ್ತಿದ. “ನನ್ನ ಕ್ಲಾಸಿಗೆ ನಾನೇ?”

“ಮೇಷ್ಟ್ರು ತನ್ನ ಕ್ಲಾಸಿಗೆ ತಾನೇ ಸೇರಬಾರದು ಅಂತ ಎಲ್ಲೂ ಬರೆದಿಲ್ಲ. ಹಾಗೆ ಮಾಡೋ ಹುಚ್ಚ ಹುಟ್ತಾನೆ ಅಂತ ಯಾರಿಗೂ ಹೊಳೆದಿಲ್ಲ.”

“ಅದ್ಭುತ!” ಎಂದರು ಸ್ಟಾನೆಕ್. “ವಿಭಾಗದ ರುಜು ಬೇಕಾ? ತಾ ಇಲ್ಲಿ, ನಾನೇ ಹಾಕ್ತೀನಿ.” ತಮ್ಮ ಪೆನ್ನಿನಿಂದಲೇ ಹಾಕಿದರು.

ಆದರೆ ಕಾಲೇಜಿನ ಕಂಪ್ಯೂಟರಿನಲ್ಲಿ ವೆಂಡೆಲ್ ಹೂಪರ್ ಎಂಬ ವಿದ್ಯಾರ್ಥಿ ಗಣಿತ ಕಲಿತದ್ದಕ್ಕೆ ದಾಖಲೆ ಇರಲಿಲ್ಲ. ಅವನು ಎಂ.ಎಸ್ಸಿ. ಮಾಡಿದ್ದ ವಿಶ್ವವಿದ್ಯಾಲಯದಿಂದ ಅಂಕಪಟ್ಟಿ ತರಿಸಲು ಎರಡು ವಾರ ಬೇಕು. ಉಳಿದ ದಾರಿ ಪರೀಕ್ಷೆ. ಗಡಿಯಾರ ನಾಲ್ಕೂ ಹದಿನೈದು ತೋರಿಸುತ್ತಿತ್ತು.

ಯಂತ್ರದ ಮುಂದೆ ಕೂತವನು ಮೊದಲೆರಡು ಪ್ರಶ್ನೆಗಳನ್ನು ಉಸಿರು ಬಿಡುವಷ್ಟರಲ್ಲಿ ಮುಗಿಸಿದ. ಮೂರನೆಯದರಲ್ಲಿ ಕೊಟ್ಟಿದ್ದ ನಾಲ್ಕು ಉತ್ತರಗಳೂ ತಪ್ಪಾಗಿದ್ದವು. ಬೇರೆ ಯಾರಾದರೂ ಆಗಿದ್ದರೆ ಒಂದನ್ನು ಒತ್ತಿ ಮುಂದೆ ಹೋಗುತ್ತಿದ್ದರು. ವೆಂಡೆಲ್ ಹನ್ನೊಂದು ವರ್ಷದ ಮೇಷ್ಟ್ರು. ನಾಲ್ಕೂ ಏಕೆ ತಪ್ಪು ಎಂದು ಹಾಳೆಯ ಎರಡೂ ಮಗ್ಗುಲಿಗೆ ಸಾಧಿಸಿ, ಕೆಳಗೆ ಗೆರೆ ಎಳೆದು, ತಲೆ ಎತ್ತಿದಾಗ ಹದಿನೆಂಟು ನಿಮಿಷ ಕಳೆದಿತ್ತು. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿದ. ಅರ್ಧ ಪ್ರಶ್ನೆಪತ್ರಿಕೆ ಬಾಕಿ ಇರುವಾಗಲೇ ಅವಧಿ ಮುಗಿದು ಯಂತ್ರ ಮುಚ್ಚಿಕೊಂಡಿತು.

ಡಾರ್ಲೀನ್ ಫಲಿತಾಂಶ ಓದಿದಳು. “ಗಣಿತ 95ಕ್ಕೆ ಯೋಗ್ಯ. ಅದೃಷ್ಟವಂತ ಕಣಪ್ಪ ನೀನು. ಒಂದೇ ಒಂದು ಅಂಕ ಕಮ್ಮಿ ಬಂದಿದ್ರೆ ಭಿನ್ನರಾಶಿಗೆ ಹೋಗ್ತಿದ್ದೆ.”

ನಾಲ್ಕೂ ಐವತ್ತೇಳಕ್ಕೆ ಪಟ್ಟಿಯಲ್ಲಿ ಹದಿನೈದನೆಯ ಹೆಸರು ಬಿತ್ತು: ಹೂಪರ್, ವೆಂಡೆಲ್. ಓಪಲ್ ಕ್ಯಾಂಟೀನಿನಿಂದ ಸೌಟು ಹಿಡಿದುಕೊಂಡೇ ಬಂದು ಚಪ್ಪಾಳೆ ತಟ್ಟಿದಳು. ಅವಳ ಏಪ್ರನ್ನೆಲ್ಲ ಸೂಪಾಯಿತು.

ಐದು ಹತ್ತಕ್ಕೆ ಡೀನ್ ಮಾರ್ಲಾ ಫಿಂಚ್ ವೆಂಡೆಲ್‌ನನ್ನು ಕರೆಸಿದರು. ಮೇಜಿನ ಮೇಲೆ ರದ್ದಾದ ತರಗತಿಗಳ ಪಟ್ಟಿ ಇತ್ತು. ಬಾಗಿಲ ಬಳಿ ಸ್ಟಾನೆಕ್ ತಮ್ಮ ಬೂಟುಗಳನ್ನು ನೋಡುತ್ತಾ ನಿಂತಿದ್ದರು.

“ಅಭಿನಂದನೆಗಳು ವೆಂಡೆಲ್. ನಿಮ್ಮ ಗಣಿತ 95 ಉಳೀತು.”

“ಥ್ಯಾಂಕ್ಸ್ ಮೇಡಂ.”

“ಡಾಕ್ಟರ್ ಸ್ಟಾನೆಕ್ ಅವರ ಸಾಯಂಕಾಲದ ಕ್ಯಾಲ್ಕುಲಸ್ ಉಳೀಲಿಲ್ಲ. ಒಂಬತ್ತೇ ಜನ. ಕಾಯಂ ಪ್ರೊಫೆಸರ್‌ಗೆ ಐದು ತರಗತಿ ಕೊಡಲೇಬೇಕು ಅಂತ ಯೂನಿಯನ್ ಜೊತೆ ಒಪ್ಪಂದ ಇದೆ, ನಿಮಗೆ ಗೊತ್ತಲ್ಲ. ಒಂದು ಕಮ್ಮಿಯಾದ್ರೆ ಅರೆಕಾಲಿಕರ ತರಗತಿಗಳಲ್ಲಿ ಉಳಿದಿರೋದನ್ನ ತಗೊಂಡು ಕೊಡಬೇಕು.”

ವೆಂಡೆಲ್ ಬಾಗಿಲ ಕಡೆ ತಿರುಗಿ ಸ್ಟಾನೆಕ್‌ರನ್ನು ನೋಡಿದ. “ಅಂದ್ರೆ 95 ಇವರಿಗೆ?”

“ನಿಮಗೆ ಉಳಿದ ಎರಡು ಇದ್ದೇ ಇದಾವಲ್ಲ.”

“ನನಗೆ ರುಜು ಹಾಕುವಾಗ ಗೊತ್ತಿರಲಿಲ್ಲ ಕಣಯ್ಯ,” ಎಂದರು ಸ್ಟಾನೆಕ್. “ಏಳೂವರೆ ಕ್ಲಾಸಿಗೆ ಏಳೋದು ನನಗೂ ಶಿಕ್ಷೆನೇ.”

“ಹಾಗಿದ್ರೆ ನನ್ನ ಹೆಸರು ತೆಗೆಸಿಬಿಡ್ತೀನಿ,” ಎಂದು ವೆಂಡೆಲ್ ಎದ್ದ.

“ಖಂಡಿತಾ ತೆಗೆಸಬಹುದು,” ಎಂದರು ಡೀನ್. “ಆಗ ಹದಿನಾಲ್ಕಾಗುತ್ತೆ, 95 ರದ್ದಾಗುತ್ತೆ. ಆಗ ಡಾಕ್ಟರ್ ಸ್ಟಾನೆಕ್‌ಗೆ ನಿಮ್ಮ ಮಂಗಳವಾರದ ಸಂಖ್ಯಾಶಾಸ್ತ್ರ ಕೊಡಬೇಕಾಗುತ್ತೆ.”

ವೆಂಡೆಲ್ ಕೂತ.

ಕಾರಿನ್‌ಳ ಕೆಳಗಿನ ಹಲ್ಲುಗಳು ಮುಂದಿನ ವರ್ಷಕ್ಕೆ ಹೋದವು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳೂವರೆಗೆ ವೆಂಡೆಲ್ ಹಿಂದಿನ ಬೆಂಚಿನಲ್ಲಿ ಕೂತು ಬೀಜಗಣಿತ ಕೇಳಿದ. ಸ್ಟಾನೆಕ್ ಹಾಜರಿ ತೆಗೆಯುವಾಗ ‘ಹೂಪರ್’ ಎಂದರೆ ‘ಎಸ್ ಸರ್’ ಎಂದ. ಸ್ಟಾನೆಕ್ ಕಟ್ಟುನಿಟ್ಟಿನ ಮನುಷ್ಯ, ಉತ್ತರ ಸರಿಯಿದ್ದರೂ ಹಂತಗಳನ್ನು ಬರೆಯದವರಿಗೆ ಅಂಕ ಕಡಿಯುತ್ತಿದ್ದರು. ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಓಪಲ್‌ಗೆ ಎ, ವೆಂಡೆಲ್‌ಗೆ ಬಿ.