ಕಪ್ಪೆರಾಯರು ನೆಲಕ್ಕಿಳಿದದ್ದು

ಕೇಳದವರಿಗೂ ಬುದ್ಧಿ ಹೇಳುವುದು ಅಪರಾಧವೆಂದು ಕಾನೂನು ಇನ್ನೂ ಸಾರಿಲ್ಲ. ಕಪ್ಪೆರಾಯರ ಸಂಕಟ ಹುಟ್ಟಿದ್ದು ಆ ಲೋಪದಿಂದಲೇ. ಕನ್ನಡಕದಂಗಡಿಯ ಈ ಸಾಧು ಗೃಹಸ್ಥರು ಪುಟ್ಟ ವಿಮಾನ ಹಾರಿಸಲು ಕಲಿಯುತ್ತಿದ್ದರು. ಇಳಿಸುವಾಗಲೆಲ್ಲ ವಿಮಾನ ಕುಪ್ಪಳಿಸುತ್ತಿದ್ದುದರಿಂದ ಹಾರಾಟ ಸಂಘದವರು ಆ ಹೆಸರಿಟ್ಟಿದ್ದರು. ಅಂದು ಪರೀಕ್ಷೆ. ಸರಿಯಾಗಿ ಇಳಿಸಿದರೆ ಒಬ್ಬರೇ ಹಾರಲು ಅನುಮತಿ. ಇಲ್ಲವಾದರೆ ಇನ್ನೊಂದು ವರ್ಷ ಗುರುಗಳ ಕಾವಲು.

ಚಹಾದ ಕೋಣೆಯಲ್ಲೇ ಮೆಕ್ಯಾನಿಕ್ ಅವರನ್ನು ಹಿಡಿದುಕೊಂಡ. "ಸೀಟಿನ ಪಕ್ಕ ಟ್ರಿಮ್ ಚಕ್ರ ಇದೆಯಲ್ಲ ರಾಯರೇ, ಅದನ್ನ ಚೆನ್ನಾಗಿ ಹಿಂದಕ್ಕೆ ತಿರುಗಿಸಿಬಿಡಿ. ಹಿಡಿಕೋಲು ಭಾರವೇ ಅನ್ಸಲ್ಲ. ಮೂಗು ತಾನಾಗೇ ಏಳತ್ತೆ."

"ಅವನ ಮಾತು ಕೇಳ್ಬೇಡಿ!" ಎಂದಳು ಹಿರಿಯ ವಿದ್ಯಾರ್ಥಿನಿ. "ನೆಲ ಹತ್ರ ಬಂದಾಗ ಕೋಲನ್ನ ಎರಡೂ ಕೈಲಿ ಎಳೀರಿ. ಫ್ಲೇರ್ ಅಂದ್ರೆ ಅದೇ, ಮೂಗೆತ್ತೋದು."

ಯಾರ ಮನಸ್ಸನ್ನೂ ನೋಯಿಸದ ರಾಯರು, ಮೊದಲ ಸಲ ವಿಮಾನ ಇಳಿಸುವಾಗ ಇಬ್ಬರ ಮಾತನ್ನೂ ಪಾಲಿಸಿದರು. ಚಕ್ರವನ್ನೂ ತಿರುಗಿಸಿದರು, ಕೋಲನ್ನೂ ಎಳೆದರು. ನೆಲ ಮುಟ್ಟಬೇಕಿದ್ದ ವಿಮಾನ, ಬೆಲೆ ಕೇಳಿ ಮುನಿದ ಗಿರಾಕಿಯಂತೆ ಮೂಗು ಮೇಲೆತ್ತಿ ಆಕಾಶಕ್ಕೆ ನಡೆಯಿತು.

"ನಾವು ಇಳೀತಾ ಇದ್ವಿ, ಅಲ್ವೇನ್ರಿ?" ಎಂದರು ಪಕ್ಕದಲ್ಲಿದ್ದ ಗುರುಗಳು ಹಲ್ಲು ಕಚ್ಚಿ.

ಎರಡನೆಯ ಸಲ ರಾಯರು ಹೆದರಿ ಎಳೆಯಲೇ ಇಲ್ಲ. ವಿಮಾನ ಧಡ್ಡನೆ ಬಡಿದು, ಕುಪ್ಪಳಿಸಿ, ಮತ್ತೆ ಮೇಲೇರಿತು.

"ಇದೇ ಕೊನೇದು. ನಾನಿನ್ನು ಬಾಯಿ ಬಿಡಲ್ಲ," ಎಂದರು ಗುರುಗಳು.

ಈ ಸಲ ಟ್ರಿಮ್ ಹದವಾಗಿ ಕೂತಿತು. ಹಿಡಿಕೋಲು ಹತ್ತಿಯಷ್ಟು ಹಗುರ. ಇಷ್ಟು ಹಗುರವಾಗಬೇಕಾದರೆ ಗುರುಗಳೇ ಹಿಡಿದಿರಬೇಕೆಂದು ತರ್ಕಿಸಿದ ರಾಯರು, ವಿನಯದಿಂದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಎದುರುಗಾಳಿ ಮೂಗನ್ನು ತುಸುವೇ ಎತ್ತಿತು. ಗಾಲಿಗಳು ನೆಲಕ್ಕೆ ತಾಗಿದ್ದೇ ತಿಳಿಯಲಿಲ್ಲ.

"ಭೇಷ್! ಇಂಥ ಫ್ಲೇರ್ ನಾನೂ ಮಾಡಿಲ್ಲ ಕಣ್ರೀ!" ಗುರುಗಳು ಅನುಮತಿಗೆ ಸಹಿ ಹಾಕಲು ಪೆನ್ನು ತೆಗೆದರು.

ಸುಮ್ಮನಿದ್ದರೆ ಸಾಕಿತ್ತು. ಆದರೆ ಅನ್ಯರಿಗೆ ಸಲ್ಲಬೇಕಾದ ಹೊಗಳಿಕೆಯನ್ನು ಜೇಬಿಗಿಳಿಸುವುದೂ ಕಳ್ಳತನವೆಂದು ನಂಬಿದವರು ರಾಯರು.

"ಸರ್, ಇಳಿಸಿದ್ದು ನೀವಲ್ವಾ? ನಾನು ಕೈ ಬಿಟ್ಟಿದ್ದೆ."

ಗುರುಗಳ ಮುಖ ಸುಣ್ಣವಾಯಿತು. "ಅಯ್ಯೋ ಪುಣ್ಯಾತ್ಮ! ನಾನು ಕಣ್ಣು ಮುಚ್ಕೊಂಡು ಕೂತಿದ್ದೆ!"

ಇಬ್ಬರೂ ತಮ್ಮ ತಮ್ಮ ಕೈಕಾಲು ಮುಟ್ಟಿ ನೋಡಿಕೊಂಡರು. ಎಲ್ಲವೂ ಇದ್ದಲ್ಲೇ ಇದ್ದವು. ಹೋದ ಜೀವ ಬಂದಂತಾಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಗುರುಗಳು ಪೆನ್ನಿಗೆ ಮುಚ್ಚಳ ಹಾಕಿದರು.

"ವಿಮಾನ ಪಾಸಾಯ್ತು ರಾಯರೇ. ನಾವಿಬ್ಬರೂ ನಾಳೆ ಮೊದಲನೇ ಪಾಠಕ್ಕೆ ಬರೋಣ."