ಕೋಲು ತಿಂದು ಮೊಟ್ಟೆ ಉಳಿಸಿದವಳು

ಎಲ್ಲಾ ಎಡವಟ್ಟಿಗೂ ಮೂಲ ಪು ಚಿಕ್ಕಮ್ಮನ ತಟ್ಟೆ. ಅದರಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ಕೋಲು ಒಂದು, ಬೇಯಿಸಿದ ಮೊಟ್ಟೆ ಎರಡು. ಕೋಲು ಅಂದರೆ ಒಂದು, ಮೊಟ್ಟೆ ಅಂದರೆ ಸೊನ್ನೆ. ಪಕ್ಕಪಕ್ಕ ಇಟ್ಟರೆ ನೂರಕ್ಕೆ ನೂರು. ಚೀನಾದ ಕುನ್‌ಮಿಂಗ್‌ನಲ್ಲಿ ಪರೀಕ್ಷೆಗೆ ಹೊರಟ ಮಕ್ಕಳಿಗೆ ಇದನ್ನು ತಿನ್ನಿಸದೆ ಕಳಿಸಿದರೆ ತಾಯಂದಿರಿಗೆ ಸಮಾಧಾನವಿಲ್ಲ. ಆದರೆ ಇವತ್ತು ಪರೀಕ್ಷೆ ಇದ್ದದ್ದು ಕೋತಿಗೆ.

"ಚಿಕ್ಕಮ್ಮಾ! ಏನ್ ಕೆಲಸ ಮಾಡಿದ್ರಿ!" ಪ್ರಯೋಗಾಲಯದ ಸಹಾಯಕ ಗೆನ್‌ಫಾ ಬಾಗಿಲಲ್ಲೇ ತಲೆ ಮೇಲೆ ಕೈ ಹೊತ್ತ. "ಬೇಕಂತಲೇ ಉಪವಾಸ ಇಟ್ಟಿದ್ದೆ. ಹಸಿದಿದ್ರೆ ತಾನೇ ದ್ರಾಕ್ಷಿ ಆಸೆಗೆ ಉತ್ತರ ಹೇಳೋದು?"

"ಮಗೂನ ಖಾಲಿ ಹೊಟ್ಟೇಲಿ ಪರೀಕ್ಷೆಗೆ ಕೂರಿಸ್ತೀಯಾ, ಕಟುಕ!" ಅಡುಗೆಮನೆಯ ಪು ಚಿಕ್ಕಮ್ಮ ಸೊಂಟಕ್ಕೆ ಕೈಯಿಟ್ಟಳು. "ಅವಳು ತಿಂದಿದ್ದು ತಾನೇ ಏನು? ಕೋಲು ನುಂಗಿ ಮೊಟ್ಟೆ ಎರಡೂ ಹಾಗೇ ಇಟ್ಕೊಂಡಿದ್ದಾಳೆ. ಒಂದು ಹೋಯ್ತು, ಬರೀ ಸೊನ್ನೆ ಉಳೀತು. ಅಪಶಕುನ ಕಣೋ!"

ಪಂಜರದಲ್ಲಿ ದೌಯಾ ಮೊಟ್ಟೆಗಳನ್ನು ಜೋಡಿಸಿಕೊಂಡು ಗಂಭೀರವಾಗಿ ಕೂತಿದ್ದಳು. ಮನುಷ್ಯನ ಮಿದುಳು ಬೆಳೆಸುವ ವಂಶವಾಹಿಯೊಂದನ್ನು ಭ್ರೂಣದಲ್ಲೇ ಸೇರಿಸಿ ಹುಟ್ಟಿಸಿದ ಕೋತಿ ಅವಳು. ಅಂಗೈಯಗಲ ಇದ್ದಾಗಿನಿಂದ ಎದೆಗವುಚಿಕೊಂಡು ಹಾಲು ಕುಡಿಸಿ ಬೆಳೆಸಿದವನು ಗೆನ್‌ಫಾ. ಊರಿನ ಸುದ್ದಿ, ಸಂಬಳದ ಗೋಳು, ಕೈಕೊಟ್ಟು ಹೋದ ಹುಡುಗಿಯ ಕತೆ, ಎಲ್ಲವನ್ನೂ ಅವಳ ಮುಂದೆ ತೋಡಿಕೊಳ್ಳುತ್ತಿದ್ದ. ತಿರುಗಿ ಮಾತಾಡದವರ ಹತ್ತಿರ ಹೇಳಿಕೊಳ್ಳುವ ಸುಖವೇ ಬೇರೆ.

ಪರೀಕ್ಷೆ ಅಂದದ್ದೇ ತಡ, ಇಡೀ ಸಂಸ್ಥೆಗೇ ಪರೀಕ್ಷೆಯ ಜ್ವರ ಏರಿತ್ತು. ಲೆಕ್ಕಪತ್ರ ನೋಡುವ ಯುನ್ ಅಕ್ಕ ಹಿಂದೆ ಮಗನ ಪರೀಕ್ಷೆಯ ದಿನ ಶುಭಕ್ಕೆಂದು ತನಗೆ ಹೊಲಿಸಿಕೊಂಡಿದ್ದ ಕೆಂಪು ರೇಷ್ಮೆಯ ಉದ್ದ ಉಡುಪು ಹಾಕಿಕೊಂಡು ಬಂದಿದ್ದಳು; ಈಗ ಅದರಲ್ಲಿ ಉಸಿರಾಡಲು ಜಾಗವಿರಲಿಲ್ಲ. ಕಾವಲಿನ ಲೂ ತಾತ ನಡುರಸ್ತೆಗೇ ಇಳಿದು, "ಹಾರ್ನ್ ಹೊಡೀಬೇಡ್ರೋ, ಮಗು ಪರೀಕ್ಷೆ ಬರೀತಿದೆ!" ಎಂದು ಸ್ಕೂಟರಿನವರ ಮೇಲೆ ಹರಿಹಾಯುತ್ತಿದ್ದ.

ಅಷ್ಟರಲ್ಲಿ ನಿರ್ದೇಶಕ ಗೆಂಗ್ ಗೆನ್‌ಫಾನ ಹೆಗಲು ಹಿಡಿದು ಮೂಲೆಗೆಳೆದ. "ಇವತ್ತು ಪಾಸಾದ್ರೆ ನಮ್ಮ ನಸೀಬು ಖುಲಾಯಿಸ್ತು ಕಣಯ್ಯ. ತಲೆ ತೆರೆದು ಒಳಗೆ ಏನೇನು ಬೆಳೆದಿದೆ ನೋಡೋಕೆ ಸಮಿತಿ ಒಪ್ಪಿಗೆ ಕೊಡುತ್ತೆ."

"ತಲೆ ತೆರೆದು? ಆಮೇಲೆ ಮುಚ್ತೀವಾ, ಸರ್?"

"ಮುಚ್ಚೋಕೆ ಅದೇನು ಉಪ್ಪಿನಕಾಯಿ ಜಾಡೀನಾ?"

"ಫೇಲಾದ್ರೆ?"

"ಅಂಗಡಿ ಬಂದ್. ಅವಳು ಗುಡ್ಡದ ಮೇಲಿನ ಮೃಗಾಲಯಕ್ಕೆ, ನೀನು ನಿನ್ನೂರಿಗೆ."

ಗೆನ್‌ಫಾ ಪಂಜರದ ಹತ್ತಿರ ಹೋಗಿ ಸರಳಿಗೆ ಹಣೆಯಿಟ್ಟ. "ಫೇಲಾಗು, ಮಗಳೇ. ಒಂದೂ ಸರಿ ಹೇಳ್ಬೇಡ. ಒಂದೇ ಒಂದೂ ಹೇಳ್ಬೇಡ. ಪಾಸಾದ್ರೆ ನಿನ್ನ ತಲೆ ಕೊಯ್ತಾರೆ." ಹೇಳಿದ್ದು ತನ್ನ ಸಮಾಧಾನಕ್ಕೆ, ಅಷ್ಟೇ. ದೌಯಾ ಹೇನು ಹುಡುಕುವವಳಂತೆ ಅವನ ಕೂದಲಲ್ಲಿ ಬೆರಳಾಡಿಸಿದಳು.

ಇಂಥ ಪ್ರಯೋಗ ಮಾಡುವುದು ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಸಮಿತಿ ಬಂದು ಕೂತಿತು. ಅದರ ಅಧ್ಯಕ್ಷೆ, ಬೆಳ್ಳಿಕೂದಲಿನ ಷೆನ್ ಮೇಡಂ, ಯಾರು ಕೊಟ್ಟ ಚಹಾವನ್ನೂ ಮುಟ್ಟಲಿಲ್ಲ. ಪರೀಕ್ಷೆ ಸರಳ: ಪರದೆಯ ಮೇಲೆ ಒಂದು ಚಿತ್ರ ಬಂದು ಮಾಯವಾಗುತ್ತದೆ, ಆಮೇಲೆ ಎರಡು ಬರುತ್ತವೆ, ಮೊದಲು ಕಂಡದ್ದನ್ನು ಮುಟ್ಟಬೇಕು. ಹೋಲಿಕೆಗೆಂದು ಕೂರಿಸಿದ್ದ ಮಾಮೂಲಿ ಕೋತಿ ಮನಬಂದಂತೆ ಪರದೆ ಬಡಿದು ಇಪ್ಪತ್ತಕ್ಕೆ ಹನ್ನೊಂದು ಗಿಟ್ಟಿಸಿ, ದ್ರಾಕ್ಷಿ ತಿಂದು ತೇಗಿತು.

ದೌಯಾಳ ಸರದಿ ಬಂತು. ತಪ್ಪು. ಮತ್ತೆ ತಪ್ಪು. ಕಿಟಕಿಗೆ ಮೂಗು ಒತ್ತಿ ನಿಂತಿದ್ದ ಪು ಚಿಕ್ಕಮ್ಮ, "ನಿಧಾನವಾಗಿ ಯೋಚ್ನೆ ಮಾಡು ಕಂದಾ!" ಎಂದು ಕೂಗಿದಳು. ಕಂದ ನಿಧಾನವಾಗಿಯೇ ಯೋಚಿಸಿ ಮತ್ತೊಂದು ತಪ್ಪು ಮುಟ್ಟಿತು. ಕೊನೆಗೆ ಇಪ್ಪತ್ತಕ್ಕೆ ಸೊನ್ನೆ.

ಗೆಂಗ್ ಕುರ್ಚಿಯಲ್ಲೇ ಕುಸಿದ. ಸಮಿತಿಯವರು ನಗುತ್ತಾ ಚೀಲ ಎತ್ತಿಕೊಂಡರು. ಕೆಲಸ ಕಳಕೊಂಡ ಗೆನ್‌ಫಾ ಮಾತ್ರ ಕರವಸ್ತ್ರದಲ್ಲಿ ಮುಖ ಮುಚ್ಚಿ ಖುಷಿಯಿಂದ ಅಳುತ್ತಿದ್ದ.

ಷೆನ್ ಮೇಡಂ ಏಳಲಿಲ್ಲ. "ಕಣ್ಮುಚ್ಚಿ ಮುಟ್ಟಿದ್ರೂ ಹತ್ತರ ಆಸುಪಾಸು ಸರಿ ಬರ್ಬೇಕು, ಅಲ್ವಾ?"

"ಹೌದು ಮೇಡಂ, ಎರಡರಲ್ಲಿ ಒಂದು ತಾನೇ," ಎಂದ ಗೆಂಗ್ ಸಪ್ಪಗೆ.

"ಮತ್ತೆ ಇವಳಿಗೆ ಒಂದೂ ಯಾಕೆ ಬರ್ಲಿಲ್ಲ?" ಆಕೆ ಪಂಜರದ ಕಡೆ ಬೆರಳು ತೋರಿಸಿದರು. "ಇಪ್ಪತ್ತೂ ತಪ್ಪು ಹೇಳ್ಬೇಕು ಅಂದ್ರೆ, ಇಪ್ಪತ್ತರದ್ದೂ ಸರಿ ಉತ್ತರ ಗೊತ್ತಿರ್ಬೇಕು ಕಣ್ರಯ್ಯಾ."

ಸಮಿತಿಯವರ ಚೀಲಗಳು ಸದ್ದಿಲ್ಲದೆ ಮತ್ತೆ ಕೆಳಗಿಳಿದವು. ಲೂ ತಾತನ ದಯೆಯಿಂದ ರಸ್ತೆಯಲ್ಲೂ ಸದ್ದಿರಲಿಲ್ಲ. ಗೆನ್‌ಫಾ ಪಂಜರದತ್ತ ತಿರುಗಿದ. ಒಂದೂ ಸರಿ ಹೇಳಬೇಡ ಅಂದಿದ್ದ, ಹೇಳಿದಂತೆಯೇ ಮಾಡಿದ್ದಳು. ಅಂದರೆ ಊರು, ಸಂಬಳ, ಆ ಹುಡುಗಿ, ಎಲ್ಲಾ ಇವಳಿಗೆ ಅರ್ಥವಾಗುತ್ತಿತ್ತು! ಅಯ್ಯೋ, ಹತ್ತು ಸರಿ ಹೇಳು ಅನ್ನಬಾರದಿತ್ತೇ?

"ಪಾಸು!" ಗೆಂಗ್ ನೆಗೆದು ನಿಂತ. "ಶಸ್ತ್ರಚಿಕಿತ್ಸೆ ಕೋಣೆ ತೊಳೆಸ್ರೋ!"

ಗೆನ್‌ಫಾ ಪಂಜರಕ್ಕೆ ಬೆನ್ನುಕೊಟ್ಟು ಕೈ ಅಗಲಿಸಿ ನಿಂತುಬಿಟ್ಟ. "ಅವಳನ್ನ ಮುಟ್ಬೇಡಿ! ನಾನೇ ಹೇಳ್ಕೊಟ್ಟೆ, ಫೇಲಾಗು ಅಂತ! ತಲೆ ಕೊಯ್ತಾರೆ ಅಂತ ನಾನೇ ಹೇಳ್ದೆ!"

ಷೆನ್ ಮೇಡಂ ಎದ್ದು ಬಂದು ಪಂಜರದ ಮುಂದೆ ಕಷ್ಟಪಟ್ಟು ಮಂಡಿಯೂರಿದರು. ದೌಯಾ ಆಕೆಯನ್ನೇ ನೋಡಿದಳು. ಆಕೆ ಕಣ್ಣು ತಗ್ಗಿಸಿದರು.

"ಬುದ್ಧಿ ಕೊಡೋದು ಸರೀನಾ ಅಂತ ಕೇಳೋಕೆ ಬಂದಿದ್ದೆ. ಕೊಟ್ಟಾಗಿದೆ," ಎಂದರು. "ಬದುಕ್ಬೇಕು ಅಂತ ಸುಳ್ಳು ಹೇಳೋ ತಲೆಗೆ ಕತ್ತಿ ಇಡೋಕೆ ನಾನಂತೂ ಒಪ್ಪಲ್ಲ. ಇಂಥವಳನ್ನ ಮೃಗಾಲಯಕ್ಕೆ ಹೇಗೆ ಕಳಿಸೋದು? ಎಲ್ಲಿಡೋದು? ನನಗೆ ಗೊತ್ತಿಲ್ಲ. ಸದ್ಯಕ್ಕೆ ಇಲ್ಲೇ ಇರ್ಲಿ."

ಗೆನ್‌ಫಾ ಉಸಿರು ಬಿಟ್ಟ. ಆದರೆ ಕಿಟಕಿಯಾಚೆ ಪು ಚಿಕ್ಕಮ್ಮನ ಮುಖ ಬಿಗಿದುಕೊಂಡಿತ್ತು. "ಹೇಳ್ಕೊಟ್ಯಾ? ಪರೀಕ್ಷೇಲಿ ಹೇಳ್ಕೊಟ್ಯಾ?"

"ಮಾನಗೆಟ್ಟವನೇ!" ಅವಳ ಪಕ್ಕದಲ್ಲಿದ್ದ ಯುನ್ ಅಕ್ಕ ಚೀರಿದ ರಭಸಕ್ಕೆ ರೇಷ್ಮೆ ಹೊಲಿಗೆ ಪರ್ ಎಂದಿತು. ಆ ಊರಿನಲ್ಲಿ ಬೇರೆ ಯಾವ ತಪ್ಪಿಗಾದರೂ ಕ್ಷಮೆ ಉಂಟು, ಪರೀಕ್ಷೆಯ ಕಳ್ಳನಿಗೆ ಇಲ್ಲ. ಲೂ ತಾತ ಒಳಗೆ ಬಂದು ಗೆನ್‌ಫಾನ ಸೊಂಟದ ಬೀಗದಕೈ ಕಿತ್ತುಕೊಂಡ. ಸಿಟ್ಟು ತೀರಿಸಲು ತಲೆಯೊಂದು ಬೇಕಾಗಿದ್ದ ಗೆಂಗ್, "ಈಗಲೇ ಗಂಟು ಕಟ್ಟು," ಎಂದ.

ಗಂಟು ಹೊತ್ತು ಗೆನ್‌ಫಾ ಕೊನೆಯ ಸಲ ಪಂಜರದ ಹತ್ತಿರ ನಿಂತ. ಮಾತಾಡಲು ಈಗ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ದೌಯಾ ಅವನನ್ನು ತುಂಬಾ ಹೊತ್ತು ನೋಡಿದಳು. ಒಂದು ಮೊಟ್ಟೆಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಇನ್ನೊಂದನ್ನು ಸರಳಿನಾಚೆ ಚಾಚಿ ಅವನ ಅಂಗೈಗಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

ಗೇಟು ದಾಟಿ ಬಸ್ಸು ಹತ್ತುವವರೆಗೂ ಅದು ಅವನ ಕೈಯಲ್ಲೇ ಇತ್ತು. ತನಗೆ ಬಂದ ಅಂಕವನ್ನು ತಿನ್ನಲು ಅವನಿಗೆ ಮನಸ್ಸಾಗಲಿಲ್ಲ.